ಸರ್, ಪಾಸ್‌ವರ್ಡೇ ಇಲ್ಲ

ಹೈಸ್ಕೂಲಿನಲ್ಲಿ ಕಂಪ್ಯೂಟರ್ ಹೇಳಿಕೊಡುತ್ತಿದ್ದ ದಿನಗಳು ಅವು. ಲ್ಯಾಬಿನಲ್ಲಿ ಹತ್ತು ಕಂಪ್ಯೂಟರ್, ಎಲ್ಲದರಲ್ಲೂ ವಿಂಡೋಸ್ ಎಕ್ಸ್‌ಪಿ. ಯುಪಿಎಸ್ ಇದ್ದೂ ಇಲ್ಲದ ಹಾಗೆ.

ಒಂದು ಮಧ್ಯಾಹ್ನ ಊಟ ಮುಗಿಸಿ ಬಂದರೆ, ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ನನ್ನ ಕಂಪ್ಯೂಟರ್ ಮುಂದೆ ಕೂತಿದ್ದ. ಬೈಯಬೇಕು ಅನ್ನುವಷ್ಟರಲ್ಲಿ ಅವನೇ ಹೇಳಿದ: "ಸರ್, ಇದಕ್ಕೆ ಪಾಸ್‌ವರ್ಡೇ ಇಲ್ಲ."

ನನ್ನ ಖಾತೆಗೇನೋ ಇತ್ತು. ಆದರೆ ಎಕ್ಸ್‌ಪಿಯಲ್ಲಿ ಅಡ್ಮಿನಿಸ್ಟ್ರೇಟರ್ ಅಂತ ಇನ್ನೊಂದು ಖಾತೆ ಇರುತ್ತದೆ, ಮೊದಲ ಪರದೆಯಲ್ಲಿ ಕಾಣಿಸುವುದಿಲ್ಲ. ಕಂಟ್ರೋಲ್, ಆಲ್ಟ್, ಡಿಲೀಟ್ ಎರಡು ಸಲ ಒತ್ತಿದರೆ ಹಳೇ ಲಾಗಿನ್ ಪೆಟ್ಟಿಗೆ ಬರುತ್ತದೆ. ಆ ಹೆಸರು ಬರೆದು ಎಂಟರ್ ಒತ್ತಬೇಕು. ಇನ್‌ಸ್ಟಾಲ್ ಮಾಡಿದವರು ಪಾಸ್‌ವರ್ಡ್ ಹಾಕದೆ ಬಿಟ್ಟಿದ್ದರೆ ಬಾಗಿಲು ತೆರೆದ ಹಾಗೇ. ನಮ್ಮ ಲ್ಯಾಬಿನಲ್ಲಿ ಇನ್‌ಸ್ಟಾಲ್ ಮಾಡಿದವನು ನಾನೇ!

ಹೆಡ್‌ಮಾಸ್ಟರಿಗೆ ವಿಷಯ ಮುಟ್ಟಿತು. "ಅವರಪ್ಪನ್ನ ಕರೆಸಿ, ಟಿಸಿ ಕೊಟ್ಟು ಕಳಿಸೋಣ" ಅಂದರು. 2000ದ ಐಟಿ ಕಾಯ್ದೆಯ ಮಾತೂ ಬಂತು. ಅದರ 43ನೇ ಸೆಕ್ಷನ್ ಓದಿದ್ದೆ. ಯಾರದೋ ಕಂಪ್ಯೂಟರಿಗೆ ಅವರ ಅನುಮತಿಯಿಲ್ಲದೆ ಕೈ ಹಾಕಿದರೆ ತಪ್ಪು ಅನ್ನುತ್ತದೆ. ನಾನು ಅಷ್ಟನ್ನೇ ಹಿಡಿದುಕೊಂಡೆ. "ಅನುಮತಿ ಇಲ್ಲದೆ ಅಂತ ತಾನೇ ಸರ್ ಇರೋದು? ನೀವೇ ಬರೆದು ಕೊಡಿ, ಹುಡುಗರು ಪಾಸ್‌ವರ್ಡ್ ಮುರಿದು ನೋಡಲಿ. ಒಂದು ಹಳೇ ಕಂಪ್ಯೂಟರಿಗೆ ಮಾತ್ರ." ಎರಡು ದಿನ ಸತಾಯಿಸಿ ಸಹಿ ಹಾಕಿದರು.

ಶನಿವಾರ ಕ್ಲಾಸ್ ಬಿಟ್ಟ ಮೇಲೆ ಮೂಲೆಯ ಕಂಪ್ಯೂಟರಿನ ನೆಟ್‌ವರ್ಕ್ ವೈರ್ ಕಿತ್ತೆ. ಹುಡುಗರು ಸುಮ್ನೆ ಆಟದ ಖಾತೆಗಳನ್ನು ಮಾಡಿದರು. "ನಿಮ್ಮ ಮೇಲ್ ಪಾಸ್‌ವರ್ಡ್ ಹಾಕಬೇಡಿ" ಅಂತ ಮೂರು ಸಲ ಹೇಳಿದ್ದೆ. ಗೆಳೆಯ ಕೊಟ್ಟಿದ್ದ, ಪಾಸ್‌ವರ್ಡ್ ಮುರಿಯುವ ಓಫ್‌ಕ್ರ್ಯಾಕ್ ಸಿಡಿ ಹಾಕಿದೆವು. ಅಪ್ಪು123 ತಕ್ಷಣ ಬಿತ್ತು. ಅಮ್ಮನ ಹೆಸರುಗಳೂ ಬಿದ್ದವು. ನಾನು ಮಾತ್ರ ಜಂಬದಿಂದ ಎಂಟು ಅಕ್ಷರದ್ದು ಹಾಕಿದ್ದೆ, ದೊಡ್ಡಕ್ಷರ ಸಣ್ಣಕ್ಷರ ಬೆರೆಸಿ. ಅದೂ ಉಳಿಯಲಿಲ್ಲ. ಎಕ್ಸ್‌ಪಿ ಪಾಸ್‌ವರ್ಡನ್ನು ಗುಟ್ಟಾಗಿಡುವಾಗ ಹಳೇ ಪದ್ಧತಿಯಲ್ಲೂ ಒಂದು ಪ್ರತಿ ಇಟ್ಟುಕೊಳ್ಳುತ್ತಿತ್ತು. ಅದರಲ್ಲಿ ಎಲ್ಲವೂ ದೊಡ್ಡಕ್ಷರವಾಗಿ, ಏಳಕ್ಕೆ ಕತ್ತರಿಸಿ ಎರಡು ತುಂಡಾಗುತ್ತದೆ, ಒಂದೊಂದು ತುಂಡನ್ನೂ ಬೇರೆಯಾಗಿ ಮುರಿಯಬಹುದು. ನನ್ನ ಎಂಟನೇ ಅಕ್ಷರ ಪಾಪ, ಒಂಟಿಯಾಗಿ ನಿಂತಿತ್ತು. ಹುಡುಗರು ನಕ್ಕಿದ್ದೇ ನಕ್ಕಿದ್ದು. ಬೋರ್ಡಿನ ಮೇಲೆ ಒಂದು ವಾರ ಪಾಠ ಮಾಡಿದ್ದರೂ ಇದು ಅವರ ತಲೆಗೆ ಹೋಗುತ್ತಿರಲಿಲ್ಲ, ಅಲ್ವಾ?

ಹೊರಡುವಾಗ ಆ ಹುಡುಗ ಮೆಲ್ಲಗೆ ಕೇಳಿದ: "ಸರ್, ಆಫೀಸಿನ ಕಂಪ್ಯೂಟರ್?"

"ಅದರಲ್ಲಿ ಎಲ್ಲರ ಮಾರ್ಕ್ಸ್ ಇದೆ ಕಣೋ. ಅದನ್ನ ಮುಟ್ಟಬೇಡ."

ತಲೆಯಾಡಿಸಿದ. ನಂಬಿದೆ. ಆದರೂ ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೂ ಮುಂಚೆ ಆಫೀಸಿಗೆ ಹೋಗಿ, ಅಲ್ಲಿನ ಅಡ್ಮಿನಿಸ್ಟ್ರೇಟರ್ ಖಾತೆಗೆ ಹದಿನಾರು ಅಕ್ಷರದ ಪಾಸ್‌ವರ್ಡ್ ಹಾಕಿ ಬಂದೆ.