ಹಸಿ ತೂಕ

ಜುಲೈ ಕೊನೆಯ ವಾರದ ಒಂದು ಮಧ್ಯಾಹ್ನ ಶಿರಸಿಯ ಅಂಚೆ ಕಚೇರಿಯಲ್ಲಿ ನನ್ನ ರಟ್ಟಿನ ಪೆಟ್ಟಿಗೆಯನ್ನು ತೂಕದ ಯಂತ್ರದ ಮೇಲೆ ಇಟ್ಟಾಗ ಅದರ ಕೆಂಪು ಅಂಕಿಗಳು 11.8 ಕೆ.ಜಿ.ಗೆ ಬಂದು ನಿಂತವು. ಕೌಂಟರಿನವರಿಗೆ ಅದು ಅಂಚೆ ದರ ಹೇಳಲು ಬೇಕಾದ ಸಂಖ್ಯೆ ಮಾತ್ರ. ನನಗೆ ಮಾತ್ರ ನೆಲ ಸ್ವಲ್ಪ ಸರಿದಂತಾಯಿತು. ಹುಬ್ಬಳ್ಳಿಯ ಗ್ರಾಹಕರೊಬ್ಬರು ಶ್ರಾವಣದಲ್ಲಿ ನಡೆಯುವ ತಮ್ಮ ಗೃಹಪ್ರವೇಶಕ್ಕೆ ಬಂದವರ ಕೈಗೆ ಕೊಡಲೆಂದು ಹೇಳಿ ಮಾಡಿಸಿದ 120 ಸಾಬೂನುಗಳು ಆ ಪೆಟ್ಟಿಗೆಯಲ್ಲಿದ್ದವು. ಪ್ರತಿಯೊಂದರ ಸುತ್ತ ಸುತ್ತಿದ ಕಾಗದದ ಪಟ್ಟಿಯ ಮೇಲೆ ‘ನಿವ್ವಳ ತೂಕ 100 ಗ್ರಾಂ’ ಎಂದು ಅಚ್ಚಾಗಿತ್ತು. ನೂರಿಪ್ಪತ್ತು ನೂರು ಗ್ರಾಂ ಎಂದರೆ ಸಾಬೂನೇ 12 ಕೆ.ಜಿ. ಆಗಬೇಕು. ಪೆಟ್ಟಿಗೆ, ಪಟ್ಟಿ, ನಡುವೆ ತುರುಕಿದ ಹಳೆಯ ಪತ್ರಿಕೆಗಳೆಲ್ಲ ಸೇರಿಯೂ ಅಷ್ಟು ತೂಗುತ್ತಿರಲಿಲ್ಲ. ಏನೋ ಬಿಟ್ಟುಹೋಗಿದೆ ಎಂದು ಹೇಳಿ, ಹಿಂದೆ ನಿಂತಿದ್ದವರ ಬೇಸರದ ನೋಟದ ನಡುವೆಯೇ ಪೆಟ್ಟಿಗೆಯನ್ನು ಎತ್ತಿಕೊಂಡು ಹೊರಬಂದೆ.

ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ ಒಂದೊಂದನ್ನೇ ತೂಗಿದೆ. 93, 92, 94, 93. ಎಣಿಕೆ ಸರಿಯಾಗಿತ್ತು, ಒಂದು ಸಾಬೂನೂ ಕಾಣೆಯಾಗಿರಲಿಲ್ಲ. ಪ್ರತಿಯೊಂದರಲ್ಲೂ ಏಳು ಗ್ರಾಂ ಕಾಣೆಯಾಗಿತ್ತು.

ಈ ತಪ್ಪಿನ ಬೇರು ಮೇಣದ ಪಾತ್ರೆಯಲ್ಲಿದೆ ಎಂಬುದು ಆಗ ಹೊಳೆಯಿತು. ನಾನು ಈ ಕಸುಬಿಗೆ ಇಳಿದದ್ದು ಮೇಣದ ಬತ್ತಿಯಿಂದ. ಸಾಬೂನು ಆಮೇಲೆ ಬಂದದ್ದು. ಮೇಣ ಮಹಾ ಪ್ರಾಮಾಣಿಕ ವಸ್ತು. ಸೋಯಾ ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿ, ಪರಿಮಳದ ಎಣ್ಣೆ ಬೆರೆಸಿ, ಗಾಜಿನ ಲೋಟಕ್ಕೆ 100 ಗ್ರಾಂ ಹೊಯ್ದರೆ ಅದು ಮರುದಿನವೂ, ಮರುತಿಂಗಳೂ ಹೆಚ್ಚುಕಡಿಮೆ 100 ಗ್ರಾಮೇ. ಹೊಯ್ಯುವಾಗ ತೂಗಿದ್ದನ್ನೇ ಪಟ್ಟಿಯ ಮೇಲೆ ಬರೆದರೆ ಯಾರಿಗೂ ಮೋಸವಿಲ್ಲ. ಅದೇ ರೂಢಿಯನ್ನು ಒಂದು ಕ್ಷಣವೂ ಯೋಚಿಸದೆ ಸಾಬೂನಿಗೂ ದಾಟಿಸಿಕೊಂಡಿದ್ದೆ. ಕತ್ತರಿಸುವಾಗ ಪ್ರತಿ ತುಂಡೂ 105 ಗ್ರಾಂ ಬರುವಂತೆ ನೋಡಿಕೊಂಡು, ಐದು ಗ್ರಾಂ ಹೆಚ್ಚೇ ಕೊಡುತ್ತಿದ್ದೇನೆಂದು ಒಳಗೊಳಗೇ ಉದಾರಿಯಾಗಿದ್ದೆ.

ಸಾಬೂನಿನ ಲೆಕ್ಕ ಬೇರೆಯೇ. ನನ್ನ ಪಾಕದಲ್ಲಿ ಒಂದು ಕೆ.ಜಿ. ಎಣ್ಣೆ ಇರುತ್ತದೆ: ಕೊಬ್ಬರಿ ಎಣ್ಣೆ 500 ಗ್ರಾಂ, ಅಕ್ಕಿ ತೌಡಿನ ಎಣ್ಣೆ 400, ಹರಳೆಣ್ಣೆ 100. ಅದಕ್ಕೆ 330 ಗ್ರಾಂ ನೀರು, ಸುಮಾರು 150 ಗ್ರಾಂ ಕಾಸ್ಟಿಕ್ ಸೋಡಾ. ಸೋಡಾವನ್ನು ನೀರಿಗೆ ಸುರಿಯಬೇಕೇ ಹೊರತು ನೀರನ್ನು ಸೋಡಾಕ್ಕಲ್ಲ. ಪಾತ್ರೆ ಸ್ಟೀಲಿನದೇ ಆಗಬೇಕು, ಅಲ್ಯೂಮಿನಿಯಮ್ಮನ್ನು ಆ ದ್ರಾವಣ ತಿಂದುಹಾಕುತ್ತದೆ. ಸೋಡಾ ಬಿದ್ದೊಡನೆ ಬೆಂಕಿಯಿಲ್ಲದೆಯೇ ನೀರು ಕುದಿಯುವಷ್ಟು ಕಾಯುತ್ತದೆ, ಅದರ ಹಬೆಗೆ ಮುಖ ಕೊಡಬಾರದು. ತಣಿದ ಮೇಲೆ ಎಣ್ಣೆಗೆ ಬೆರೆಸಿ, ದೋಸೆಹಿಟ್ಟಿನ ಹದ ಬರುವವರೆಗೆ ಕಡೆದು ಅಚ್ಚಿಗೆ ಹೊಯ್ಯುತ್ತೇನೆ. ಎಣ್ಣೆ ಸಾಬೂನಾಗುವ ಕ್ರಿಯೆ ಒಂದೆರಡು ದಿನದಲ್ಲಿ ಬಹುತೇಕ ಮುಗಿಯುತ್ತದೆ. ಆಮೇಲೆ ನಾಲ್ಕರಿಂದ ಆರು ವಾರ ಹಲಗೆಯ ಮೇಲೆ ಇಡುವುದು ಅದು ಗಟ್ಟಿಯಾಗಲೆಂದು, ಅಂದರೆ ಒಳಗಿನ ನೀರು ಹೊರಗೆ ಹೋಗಲೆಂದು. ಆ ನೀರು ಹೋಗುವಾಗ ತೂಕವನ್ನು ಜೊತೆಗೆ ಒಯ್ಯುತ್ತದೆ ಎಂದು ತಿಳಿಯಲು ಬಿ.ಎಸ್ಸಿ. ಪದವಿ ಬೇಕಿಲ್ಲ, ನನ್ನ ಹತ್ತಿರ ಅದೂ ಇದೆ, ಅದೂ ರಸಾಯನಶಾಸ್ತ್ರದ್ದು. ಒಟ್ಟು 1,480 ಗ್ರಾಂ ಪಾಕದಲ್ಲಿ 330 ನೀರೇ ಆಗಿರುವಾಗ, ಅದರಲ್ಲಿ ಅರ್ಧ ಆರಿದರೂ ತೂಕದ ನೂರರಲ್ಲಿ ಹನ್ನೊಂದು ಪಾಲು ಹೋಯಿತು.

ನಮ್ಮ ಮಳೆಗಾಲದಲ್ಲಿ ಇಷ್ಟಾದರೂ ಆರಿದ್ದೇ ದೊಡ್ಡದು. ಜೂನ್ ಬಂದರೆ ಸಾಬೂನು ಬೆವರುತ್ತದೆ. ಕಾರ್ಖಾನೆಯ ಸಾಬೂನಿನಿಂದ ಗ್ಲಿಸರಿನ್ನನ್ನು ಸಾಮಾನ್ಯವಾಗಿ ಬೇರ್ಪಡಿಸಿ ತೆಗೆದಿರುತ್ತಾರೆ. ನಮ್ಮದರಲ್ಲಿ ಅದು ಉಳಿದು, ಗಾಳಿಯ ತೇವವನ್ನು ಎಳೆದುಕೊಂಡು ಮೈತುಂಬ ಹನಿ ಕಟ್ಟುತ್ತದೆ. ಮೊದಲ ವರ್ಷ ಹೆದರಿ ಎಲ್ಲವನ್ನೂ ಬಚ್ಚಲ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದ್ದೆ. ಹನಿ ಹೋಯಿತು, ಆದರೆ ಲ್ಯಾವೆಂಡರ್ ಸಾಬೂನಿಗೆಲ್ಲ ಹೊಗೆಯ ವಾಸನೆ ಹತ್ತಿತು. (ಬೆಂಗಳೂರಿನಲ್ಲಿರುವ ನೆಂಟರೊಬ್ಬರು ಈಗಲೂ ‘ಆ ಹೊಗೆ ಸೋಪು’ ಬೇಕೆಂದು ಕೇಳುತ್ತಾರೆ, ಬೇಕೆಂದು ಮಾಡಹೊರಟರೆ ಆ ವಾಸನೆ ಬರುವುದೇ ಇಲ್ಲ.) ಈಗ ಒಲೆಯ ಹಿಂದಿನ ಗೋಡೆಗೆ ಆನಿಸಿ, ಹೊಗೆ ತಾಗದ ಒಳಕೋಣೆಯಲ್ಲಿ ಹಲಗೆಗಳನ್ನು ಜೋಡಿಸಿದ್ದೇನೆ.

ಅಡುಗೆಮನೆಯ ಮೇಜಿನ ಮೇಲೆ ಸಾಬೂನು ಹರಡಿಕೊಂಡು ಕುಳಿತ ನನ್ನನ್ನು ನೋಡಿ ಅತ್ತೆ ವಿಷಯವೇನೆಂದು ಕೇಳಿದರು. ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಲೇ, “ಹಸಿ ಅಡಿಕೆ ತೂಗಿ ಚಾಲಿಯ ಲೆಕ್ಕ ಬರೆಯುವವರುಂಟೇನೇ?” ಎಂದರು. ಅಂಗಳದಲ್ಲಿ ಹರಡಿದ ಗೋಟಡಿಕೆ ಬಿಸಿಲಿಗೆ ತಿಂಗಳುಗಟ್ಟಲೆ ಒಣಗಿ, ಸುಲಿದು ಚಾಲಿಯಾದಾಗ ಎಷ್ಟು ಕೈಗೆ ಬರುತ್ತದೆಂದು ಈ ಊರಿನ ಮಕ್ಕಳಿಗೂ ಗೊತ್ತು. ಐವತ್ತು ವರ್ಷ ಆ ಲೆಕ್ಕ ನೋಡಿದ ಅವರ ಮನೆಯಲ್ಲೇ ಕುಳಿತು ನಾನು ಈ ಕೆಲಸ ಮಾಡಿದ್ದೆ.

ತಪ್ಪಿಸಿಕೊಳ್ಳುವ ದಾರಿಯೂ ಇತ್ತೆಂಬುದನ್ನು ಮುಚ್ಚಿಡುವುದಿಲ್ಲ. ಇದೇ ಕಸುಬಿನ ಗೆಳತಿಯೊಬ್ಬಳಿಗೆ ಫೋನ್ ಮಾಡಿದಾಗ ಅವಳು, ತೂಕದ ಪಕ್ಕದಲ್ಲಿ ‘ಪ್ಯಾಕ್ ಮಾಡಿದಾಗ’ ಎಂಬ ಎರಡು ಪದ ಸೇರಿಸಿಬಿಡು, ದೊಡ್ಡ ಕಂಪನಿಗಳೇ ಹಾಗೆ ಬರೆಯುತ್ತವೆ ಎಂದಳು. ನಿಜ, ಇಟ್ಟಲ್ಲೇ ತೂಕ ಬದಲಾಗುವ ಸಾಬೂನಿನಂಥ ಸರಕಿಗೆ ಹಾಗೆ ಬರೆಯಲು 2011ರ ಪೊಟ್ಟಣ ಸರಕುಗಳ ನಿಯಮದಲ್ಲಿ ಅವಕಾಶವಿದೆ. ಆದರೆ ಕಾರ್ಖಾನೆಯಲ್ಲಿ ಸಾಬೂನನ್ನು ಮೊದಲು ಒಣಗಿಸಿ ಆಮೇಲೆ ಅಚ್ಚೊತ್ತುತ್ತಾರೆ, ಪೊಟ್ಟಣ ಕಟ್ಟಿದ ಹೊತ್ತಿಗೆ ಅದು ಹೇಳಿದಷ್ಟು ತೂಗುತ್ತದೆ. ನಾನು ಪಟ್ಟಿ ಸುತ್ತಿದ್ದು ಆರು ವಾರ ಆರಿದ ಮೇಲೆ. ಪ್ಯಾಕ್ ಮಾಡಿದ ಕ್ಷಣದಲ್ಲೇ ಅದು 93 ಗ್ರಾಂ ಆಗಿತ್ತು. ಆ ಎರಡು ಪದ ನನ್ನ ಸುಳ್ಳನ್ನು ಇನ್ನಷ್ಟು ಸ್ಪಷ್ಟವಾದ ಸುಳ್ಳು ಮಾಡುತ್ತಿದ್ದವು. ಸಾಬೂನನ್ನು ಸೌಂದರ್ಯವರ್ಧಕಗಳ ಕಾನೂನಿನೊಳಗೆ ತಂದ 1982ರ ತಿದ್ದುಪಡಿಯಿಂದ ಹಿಡಿದು 2020ರ ನಿಯಮಗಳವರೆಗೆ ಎಲ್ಲವನ್ನೂ ಓದಿ, ಹಿತ್ತಲ ಕೊಟ್ಟಿಗೆಯನ್ನು ಪ್ರತ್ಯೇಕ ಕೋಣೆಯಾಗಿಸಿ, ಪರವಾನಗಿ ಪಡೆದು, ಅದರ ಸಂಖ್ಯೆಯನ್ನು ಅಭಿಮಾನದಿಂದ ಅಚ್ಚು ಹಾಕಿಸಿದ ಪಟ್ಟಿಯೇ ಅದು. ಅದರ ಕೆಳಗಿನ ಸಾಲಿನಲ್ಲೇ ತಪ್ಪು ತೂಕ.

ಸಂಜೆ ಹುಬ್ಬಳ್ಳಿಗೆ ಫೋನ್ ಮಾಡಿದೆ. ನಡೆದದ್ದನ್ನು ಹೇಳಿ, ಪಟ್ಟಿಗಳನ್ನು 90 ಗ್ರಾಂ ಎಂದು ಬದಲಿಸಿ, ಒಂದಕ್ಕೆ 80 ರೂಪಾಯಿ ಎಂದು ಒಪ್ಪಿದ್ದನ್ನು 72ಕ್ಕೆ ಇಳಿಸುತ್ತೇನೆ, ಒಂದೂವರೆ ದಿನ ತಡವಾಗುತ್ತದೆ ಎಂದೆ. 9,600 ರೂಪಾಯಿ ಬರಬೇಕಿದ್ದಲ್ಲಿ 8,640 ಬರುತ್ತಿತ್ತು. ಅವರು ಬೈಯಬಹುದು, ಇಲ್ಲವೇ ಇರಲಿ ಬಿಡಿ ಎನ್ನಬಹುದು ಎಂದುಕೊಂಡು ಎರಡಕ್ಕೂ ಸಿದ್ಧಳಾಗಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು ಕೇಳಿದರು: “ಹಿಂದಿನ ಸಲ ಕೊಟ್ಟಿದ್ದೂ ಹಿಂಗ ಇದ್ದುವೇನ್ರಿ?”

ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ತಿಳಿಯುವ ಕುತೂಹಲ. ನಾನು ಅಲ್ಲಿಯವರೆಗೆ ಈ 120ರ ಆಚೆಗೆ ಯೋಚಿಸಿಯೇ ಇರಲಿಲ್ಲ. ಹೌದು, ಇದ್ದಿರಬೇಕು ಎಂದೆ. ಕಪಾಟಿನಲ್ಲಿ ಉಳಿದಿದ್ದ ಹಳೆಯ ಮೂರು ಸಾಬೂನುಗಳನ್ನು ಆಮೇಲೆ ತೂಗಿದಾಗ 91, 94, 90 ಬಂದವು.

ರಾತ್ರಿ ಎಂಟಕ್ಕೆ ಗಾಳಿಮಳೆಗೆ ಕರೆಂಟು ಹೋಯಿತು. ಮಳೆಗಾಲದಲ್ಲಿ ಅದು ಸುದ್ದಿಯೇನಲ್ಲ. ಮಾರಲಾಗದೆ ಉಳಿದ ಮೇಣದ ಬತ್ತಿಗಳು ನಮ್ಮ ಮನೆಯಲ್ಲಿ ಇಂಥ ರಾತ್ರಿಗೆಂದೇ ಇರುತ್ತವೆ. ಅವುಗಳಲ್ಲಿ ಆರನ್ನು ಹಚ್ಚಿಕೊಂಡೆ. ಲೋಟದ ಅಗಲಕ್ಕೆ ತೆಳುವಾದ ಬತ್ತಿ ಹಾಕಿದ್ದ ತಂಡ ಅದು. ಅಂಚಿನ ಮೇಣ ಕರಗದೆ, ನಡುವೆ ಬಾವಿಯಂತೆ ಕುಳಿ ಬಿದ್ದು, ಸ್ವಲ್ಪ ಹೊತ್ತಿಗೆ ಬತ್ತಿ ಕರಗಿದ ಮೇಣದಲ್ಲೇ ಮುಳುಗಿ ಆರಿಹೋಗುತ್ತಿತ್ತು. ಹತ್ತು ಪಟ್ಟಿ ಬಿಡಿಸುವುದು, ಒಂದು ಬತ್ತಿಯ ಮೇಣವನ್ನು ಚಮಚೆಯಲ್ಲಿ ಬಗ್ಗಿಸಿ ಮತ್ತೆ ಹಚ್ಚುವುದು, ಹೀಗೆ ಹನ್ನೊಂದೂವರೆಯಾಯಿತು. ಅಂಟು ಹಾಕಿದ ಕಡೆ ಸಾಬೂನಿನ ಮೈ ಕೆತ್ತಿಹೋದವು ಒಂಬತ್ತು. ಒಂಬತ್ತು ಪಾಕದಲ್ಲಿ 126 ಆಗಿದ್ದರಿಂದ ಆರು ಹೆಚ್ಚಿಗೆ ಇದ್ದವು. ಉಳಿದ ಮೂರನ್ನು ಒದ್ದೆ ಬಟ್ಟೆಯಲ್ಲಿ ಉಜ್ಜಿ ನಯ ಮಾಡಿದೆ. ಬೆಳಿಗ್ಗೆ ಪೇಟೆಯ ಝೆರಾಕ್ಸ್ ಅಂಗಡಿಯಲ್ಲಿ ಹೊಸ ಪಟ್ಟಿ ಅಚ್ಚು ಹಾಕಿಸಿ, ಸುತ್ತಿ, ಅಂಚೆಯ ಬದಲು ಹುಬ್ಬಳ್ಳಿಯ ಬಸ್ಸಿಗೇ ಪೆಟ್ಟಿಗೆ ಹಾಕಿದೆ.

ಹಳೆಯ ಗ್ರಾಹಕರ ಹೆಸರು ನನ್ನ ಪುಸ್ತಕದಲ್ಲಿ 37 ಇದ್ದವು. ಒಂದು ವಾರ ದಿನಕ್ಕೆ ಐದಾರರಂತೆ ಫೋನ್ ಮಾಡಿ ವಿಷಯ ತಿಳಿಸಿ, ಮುಂದಿನ ಸಲ ಒಂದು ಸಾಬೂನು ಹೆಚ್ಚಿಗೆ ಕೊಡುತ್ತೇನೆಂದೆ. ಹೆಚ್ಚಿನವರು ನಕ್ಕರು, ಇಬ್ಬರು ಮತ್ತೆ ಕೊಳ್ಳಲಿಲ್ಲ, ಒಬ್ಬರು ಮನೆಯಲ್ಲಿದ್ದ ಸಾಬೂನನ್ನು ತಾವೇ ತೂಗಿ 88 ಎಂದು ಫೋಟೋ ಕಳಿಸಿದರು.

ಈಗ ಹಸಿಯಲ್ಲಿ 115 ಗ್ರಾಂಗೆ ಕತ್ತರಿಸುತ್ತೇನೆ. ಒಂದು ಪಾಕಕ್ಕೆ ಹದಿನಾಲ್ಕು ಬರುತ್ತಿದ್ದಲ್ಲಿ ಹನ್ನೆರಡು ಬರುತ್ತದೆ. ಮಿಕ್ಕ ತುಣುಕು ಬಚ್ಚಲಿಗೆ ಹೋಗುತ್ತದೆ, ಅತ್ತೆ ಮಾತ್ರ ಈಗಲೂ ಅಂಟುವಾಳವನ್ನೇ ಬಳಸುತ್ತಾರೆ. ಒಳಕೋಣೆಯ ಗೋಡೆಗೆ ಮಕ್ಕಳ ಹಳೆಯ ಸ್ಲೇಟೊಂದನ್ನು ತೂಗುಹಾಕಿ, ಪ್ರತಿ ತಂಡದಿಂದ ಒಂದು ಸಾಬೂನನ್ನು ಸೋಮವಾರ ಸೋಮವಾರ ತೂಗಿ ಬರೆಯುತ್ತೇನೆ. ಆಗಸ್ಟಿನಲ್ಲಿ ಮಾಡಿದ ತಂಡದ ಸಾಲು ಹೀಗಿದೆ: 115, 110, 107, 105, 104, 103, 102. ಕೊನೆಯ ಅಂಕಿ ಬರೆದ ದಿನವೇ ಅದಕ್ಕೆ ಪಟ್ಟಿ ಸುತ್ತಿದೆ.