ಹಿಮ್ಮಡಿ ಒಪ್ಪಿದ ಮೇಲೆ

ಧಾರವಾಡದಲ್ಲಿ ಸಪಾಟಾದ ಜಾಗ ಎಷ್ಟು ಕಡಿಮೆ ಅನ್ನೋದು ಹಿಮ್ಮಡಿ ನೋಯುವವರಿಗೆ ಚೆನ್ನಾಗಿ ಗೊತ್ತು. ಸಪ್ತಾಪುರದಿಂದ ಯುನಿವರ್ಸಿಟಿ ಕಡೆ ಹೊರಟರೆ ಏರು. ಯುನಿವರ್ಸಿಟಿ ಇರುವುದೇ ಛೋಟಾ ಮಹಾಬಳೇಶ್ವರ ಅಂತ ಕರೆಯುವ ಗುಡ್ಡದ ಮೇಲೆ. ಸಾಧನಕೇರಿ ಕಡೆ ಇಳಿದು ಹೋದರೆ ಬರುವಾಗ ಹತ್ತಲೇಬೇಕು. ಕೆಲಗೇರಿ ಕೆರೆಗೆ ಹೋಗಿ ಬಂದರೂ ಅದೇ ಕಥೆ.

ಓಡುತ್ತಿದ್ದಾಗ ನನಗೆ ಈ ಏರುಗಳೇ ಇಷ್ಟ ಇದ್ದವು. ಬೆಳಗ್ಗೆ ಐದೂವರೆಗೆ ಮನೆ ಬಿಡುವುದು, ಕ್ಯಾಂಪಸ್ಸಿನ ಮರಗಳ ನಡುವೆ ಹತ್ತಿ ಮುಖ್ಯ ಕಟ್ಟಡದ ಗುಮ್ಮಟ ಕಾಣುವ ತನಕ ಹೋಗುವುದು, ವಾಪಸ್ ಇಳಿದು ಏಳಕ್ಕೆ ಅಡುಗೆಮನೆ ಸೇರುವುದು. ಆಮೇಲೆ ಹುಬ್ಬಳ್ಳಿಯ ಬ್ಯಾಂಕಿಗೆ ಓಟ, ಅದು ಬೇರೆ. ಸ್ಪರ್ಧೆ, ಪದಕ ಅಂತ ಏನೂ ಇರಲಿಲ್ಲ. ನಲವತ್ತು ದಾಟಿದ ಮೇಲೆ ಶುರು ಮಾಡಿದ್ದು. ನಮ್ಮೂರಲ್ಲಿ ಹೆಣ್ಣುಮಕ್ಕಳು ವಾಕಿಂಗ್ ಮಾಡಿದರೆ ಯಾರೂ ನೋಡುವುದಿಲ್ಲ, ಓಡಿದರೆ ಇನ್ನೂ ತಿರುಗಿ ನೋಡುತ್ತಾರೆ. ನೋಡಲಿ ಬಿಡಿ.

ಒಂದು ದಿನ ಬೆಳಗ್ಗೆ ಹಾಸಿಗೆಯಿಂದ ಇಳಿದು ಕಾಲೂರಿದರೆ ಎಡಗಾಲು ಹಿಡಿದುಕೊಂಡಿತು. ಹಿಮ್ಮಡಿಯಲ್ಲಲ್ಲ, ಅದರಿಂದ ಎರಡು ಮೂರು ಬೆರಳು ಮೇಲೆ. ಬಚ್ಚಲಿಗೆ ಹೋಗುವ ತನಕ ಕುಂಟಿದೆ. ಚಹಾ ಕುದಿಯುವಷ್ಟರಲ್ಲಿ ನೋವು ಮಾಯ. ಓಡಲು ಹೋದರೆ ಮೊದಲ ಕಿಲೋಮೀಟರ್ ಚುಚ್ಚಿ, ಆಮೇಲೆ ಸುಮ್ಮನಾಗುತ್ತಿತ್ತು. ಈ ನೋವಿನ ಕಪಟವೇ ಅದು. ಬೆಚ್ಚಗಾದ ಮೇಲೆ ಏನೂ ಆಗಿಯೇ ಇಲ್ಲ ಅನ್ನಿಸುತ್ತದೆ, ಮರುದಿನ ಬೆಳಗ್ಗೆ ಲೆಕ್ಕ ಚುಕ್ತಾ ಮಾಡುತ್ತದೆ. ಕೆಲವು ವಾರಗಳಲ್ಲಿ ಅಲ್ಲೊಂದು ಗಂಟು ಕೈಗೆ ಸಿಗತೊಡಗಿತು. ಎರಡು ಬೆರಳಲ್ಲಿ ಹಿಸುಕಿದರೆ ಹಾಯ್ ಅನ್ನುವಷ್ಟು ನೋವು.

ಅದು ಅಕಿಲಿಸ್ ಟೆಂಡನ್. ಮೀನಖಂಡವನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿಹಾಕುವ ದಪ್ಪ ಪಟ್ಟಿ. ಮೈಯಲ್ಲಿರುವ ಟೆಂಡನ್‌ಗಳಲ್ಲೇ ಗಟ್ಟಿಯಾದದ್ದು. ಓಡುವಾಗ ಒಂದೊಂದು ಹೆಜ್ಜೆಗೂ ನಮ್ಮ ತೂಕದ ಆರೇಳು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಏರು ಹತ್ತುವಾಗ ಹಿಮ್ಮಡಿ ಕೆಳಗಿಳಿದು, ಆ ಪಟ್ಟಿ ಇನ್ನೂ ಜಗ್ಗುತ್ತದೆ. ಸ್ನಾಯುವಿಗೆ ಹರಿದಷ್ಟು ರಕ್ತ ಅದಕ್ಕೆ ಹರಿಯುವುದಿಲ್ಲ, ಹಾಗಾಗಿ ರಿಪೇರಿ ಭಾಳ ನಿಧಾನ.

ಸಲಹೆಗಳಿಗೆ ಬರ ಇರಲಿಲ್ಲ. ನಮ್ಮ ಅತ್ತೆಯವರು ರಾತ್ರಿ ಔಡಲೆಣ್ಣೆ ಕಾಸಿ ಹಚ್ಚಿದರು. ಪಕ್ಕದ ಮನೆಯವರು ಉಪ್ಪು ಹಾಕಿದ ಬಿಸಿನೀರು ಅಂದರು. ಒಬ್ಬ ಡಾಕ್ಟರು, 'ಈ ವಯಸ್ಸಿಗೆ ಓಟ ಯಾಕ್ರಿ ಮೇಡಂ? ವಾಕಿಂಗ್ ಮಾಡ್ರಿ ಸಾಕು, ಕಾಲಿಗೆ ಪೂರ್ತಿ ರೆಸ್ಟ್ ಕೊಡ್ರಿ' ಅಂದು ಗುಳಿಗೆ ಬರೆದುಕೊಟ್ಟರು. ರೆಸ್ಟ್ ಕೊಟ್ಟೆ. ತಿಂಗಳುಗಟ್ಟಲೆ ಕೊಟ್ಟೆ. ನೋವು ಹೋಯಿತು. ಮುಂದೊಂದು ಸಂಜೆ ಹುಬ್ಬಳ್ಳಿಯಲ್ಲಿ ಚಿಗರಿ ಬಸ್ಸಿನ ಬಾಗಿಲು ಮುಚ್ಚಿಬಿಡುತ್ತದಲ್ಲ ಅಂತ ನಾಲ್ಕು ಹೆಜ್ಜೆ ಓಡಿದೆ. ಧಾರವಾಡದಲ್ಲಿ ಇಳಿಯುವಾಗ ಅದೇ ಜಾಗ, ಅದೇ ಹಿಡಿತ. ಇಷ್ಟು ತಿಂಗಳ ರೆಸ್ಟು ನಾಲ್ಕು ಹೆಜ್ಜೆಗೂ ಸಾಕಾಗಿರಲಿಲ್ಲ.

ಆಗ ಸಿಕ್ಕಿದ್ದು ಒಬ್ಬ ಚಿಕ್ಕ ವಯಸ್ಸಿನ ಫಿಸಿಯೋ. 'ಮೇಡಂ, ಆರಾಮ ಮಾಡಿದ್ರ ನೋವು ಕಡಿಮಿ ಆಗತೈತಿ, ಖರೆ. ಆದರ ಶಕ್ತಿ ಬರೂದಿಲ್ಲ. ಅದಕ್ಕ ಭಾರ ಹೊರಸಬೇಕು' ಅಂದ. ನೋಯುವ ಕಾಲಿಗೇ ಭಾರ! ನನ್ನ ಮುಖ ನೋಡಿ ಅವನಿಗೆ ಅರ್ಥವಾಯಿತೇನೋ, ಒಂದು ಕಥೆ ಹೇಳಿದ. ಮನೆಗೆ ಬಂದು ಹುಡುಕಿ ಓದಿದೆ, ಕಥೆ ನಿಜವೇ. ಸ್ವೀಡನ್ನಿನ ಹಾಕನ್ ಆಲ್ಫ್ರೆಡ್‌ಸನ್ ಅನ್ನುವ ಎಲುಬು ಡಾಕ್ಟರಿಗೂ ಇದೇ ನೋವು ಇತ್ತು. ಆಪರೇಷನ್ ಮಾಡಿ ಅಂದರೆ ಅವರ ಮೇಲಿನವರು ಒಪ್ಪಲಿಲ್ಲ. ಹರಿದೇ ಹೋದರೆ ಮಾಡಲೇಬೇಕಲ್ಲ ಅಂತ ಅವರು ಬೇಕಂತಲೇ ಆ ಕಾಲಿಗೆ ಜೋರು ಭಾರ ಹಾಕತೊಡಗಿದರು. ಟೆಂಡನ್ ಹರಿಯಲಿಲ್ಲ, ನೋವು ಇಳಿಯಿತು. ಅದನ್ನೇ ಹಿಡಿದು 15 ಜನ ಹವ್ಯಾಸಿ ಕ್ರೀಡಾಪಟುಗಳ ಮೇಲೆ ಪ್ರಯೋಗ ಮಾಡಿ 1998ರಲ್ಲಿ ಪ್ರಕಟಿಸಿದರು. ಮೆಟ್ಟಿಲ ಅಂಚಿನ ಮೇಲೆ ಮುಂಗಾಲೂರಿ ನಿಲ್ಲಬೇಕು. ನೋವಿಲ್ಲದ ಕಾಲಿನ ಬಲದಿಂದ ಎದ್ದು, ನೋಯುವ ಕಾಲೊಂದರ ಮೇಲೆ ನಿಧಾನ ಕೆಳಗಿಳಿಯಬೇಕು. ಮೊಣಕಾಲು ನೆಟ್ಟಗಿಟ್ಟು 15ರ ಮೂರು ಸುತ್ತು, ಸ್ವಲ್ಪ ಮಡಚಿ 15ರ ಮೂರು ಸುತ್ತು. ದಿನಕ್ಕೆ ಎರಡು ಹೊತ್ತು, 12 ವಾರ. ಲೆಕ್ಕ ಹಾಕಿದರೆ ದಿನಕ್ಕೆ 180 ಸಲ. ಆ 15 ಜನರೂ ಮತ್ತೆ ಓಡಿದರು.

ನನ್ನ ಫಿಸಿಯೋ 180 ಹೇಳಲಿಲ್ಲ, ಪುಣ್ಯ. 'ಕಡಿಮಿ ಮಾಡ್ರಿ, ಆದರ ಭಾಳ ಸಾವಕಾಶ ಇಳೀರಿ. ಹಗುರ ಅನಿಸಿದ್ರ ಬೆನ್ನಿಗೆ ಬ್ಯಾಗ್ ಹಾಕ್ಕೊಂಡು ತೂಕ ಹೆಚ್ಚು ಮಾಡ್ರಿ' ಅಂದ. ನೋವನ್ನು ಹತ್ತರಲ್ಲಿ ಅಳೆಯಬೇಕಂತೆ. ಐದರ ತನಕ ಪರವಾಗಿಲ್ಲ, ಆದರೆ ಮರುದಿನ ಬೆಳಗ್ಗೆ ಹೊತ್ತಿಗೆ ಅದು ಮೊದಲಿನಷ್ಟಕ್ಕೇ ಇಳಿದಿರಬೇಕು. ಇಳಿಯದಿದ್ದರೆ ಭಾರ ಜಾಸ್ತಿಯಾಯಿತು ಅಂತ ಅರ್ಥ.

ಮನೆಯ ಮುಂದಿನ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಾನು ಏಳುವುದು, ಇಳಿಯುವುದು ಶುರುವಾಯಿತು. ಅತ್ತೆಯವರು ಕಟ್ಟೆಯ ಮೇಲೆ ಕೂತು ಸೊಪ್ಪು ಸೋಸುತ್ತಾ ನೋಡುತ್ತಿದ್ದರು. ಹಾದಿಯಲ್ಲಿ ಹೋಗುವವರು ಕೇಳಿದರೆ, 'ಕಾಲು ಬ್ಯಾನಿ ಅಂತ. ಅದಕ್ಕ ಮೆಟ್ಟಲ ಮ್ಯಾಲ ಕುಣ್ಯಾಕತ್ತಾಳ' ಅಂತ ವಿವರಣೆ ಬೇರೆ. ಔಡಲೆಣ್ಣೆಗೆ ಆದ ಅವಮಾನ ಅವರಿಗೆ ಸಹನೆಯಾಗಿರಲಿಲ್ಲ ಅಂತ ನನ್ನ ಗುಮಾನಿ.

ತೂಕ ಹೆಚ್ಚಿಸುವ ಹೊತ್ತಿಗೆ ಏನು ಹಾಕುವುದು ಅಂತ ಪ್ರಶ್ನೆ ಬಂತು. ಮಗನ ಹಳೇ ಸ್ಕೂಲ್ ಬ್ಯಾಗಿಗೆ ಪುಸ್ತಕ ತುಂಬಿದೆ, ಮೂಲೆಗಳು ಬೆನ್ನಿಗೆ ಚುಚ್ಚಿದವು. ನೀರಿನ ಬಾಟಲಿ ಹಾಕಿದರೆ ಒಳಗೇ ಉರುಳಾಡಿದವು. ಅತ್ತೆಯವರು ನೋಡಿ ನೋಡಿ ಒಳಗೆ ಹೋದರು. ಬಟ್ಟೆಯ ಚೀಲದಲ್ಲಿ ಐದು ಕಿಲೋ ಬಿಳಿಜೋಳ ತೂಗಿ ತಂದು ಬ್ಯಾಗಿಗೆ ಇಳಿಸಿದರು. ಜೋಳ ಬೆನ್ನಿಗೆ ಸರಿಯಾಗಿ ಕೂತಿತು. ಅವತ್ತಿನಿಂದ ಉಸ್ತುವಾರಿ ಅವರದೇ. ಎಣಿಕೆಯೂ ಅವರದೇ, ನಡುವೆ ಯಾರಾದರೂ ಮಾತಾಡಿಸಿದರೆ ಮೊದಲಿಂದ ಎಣಿಸುತ್ತಿದ್ದರು. ರೊಟ್ಟಿಗೆ ಹಿಟ್ಟು ಮುಗಿದಾಗ ಬ್ಯಾಗಿನ ಜೋಳವೇ ಗಿರಣಿಗೆ ಹೋಗುತ್ತಿತ್ತು, ಅದರ ಜಾಗಕ್ಕೆ ಹೊಸದು ಬರುತ್ತಿತ್ತು. ಚಿಗರಿಯಲ್ಲಿ ನಿಂತು ಬರುವಾಗ ಕೂಡ ನಾನು ಹಿಡಿಕೆ ಹಿಡಿದು ಸುಮ್ನೆ ಹಿಮ್ಮಡಿ ಎತ್ತಿ ಇಳಿಸುತ್ತಿದ್ದೆ. ಒಬ್ಬ ಅಜ್ಜಿ, 'ಕುಂದರತೀ ಏನವಾ?' ಅಂತ ಸೀಟು ಬಿಡಲು ಬಂದರು.

ಓಡಲು ಅಪ್ಪಣೆ ಸಿಕ್ಕಿದ್ದು ದೀಪಾವಳಿ ಮುಗಿದ ವಾರ. ಅಪ್ಪಣೆ ಅಂದರೆ ಏನು, ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಒಟ್ಟು ಅರ್ಧ ಗಂಟೆಯೊಳಗೆ. ಏರು ಬೇಡ, ಸಿಮೆಂಟ್ ರಸ್ತೆ ಬೇಡ, ಹಿಮ್ಮಡಿ ತೆಳ್ಳಗಿರುವ ಶೂ ಬೇಡ. ಸಪಾಟ ಜಾಗ ಅಂದಾಗ ನೆನಪಾಗಿದ್ದು ಕೆಸಿಡಿ ಗ್ರೌಂಡ್. 1917ರಲ್ಲಿ ಶುರುವಾದ ಕರ್ನಾಟಕ ಕಾಲೇಜಿನ ಮೈದಾನ. ವಾಕಿಂಗ್ ಮಾಡುವವರ ಗದ್ದಲ ಅಂತ ಮೊದಲು ನಾನು ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ಬೆಳಗ್ಗೆ ಸಣ್ಣ ಚಳಿ. ಮೈದಾನದ ಅಂಚಿನಲ್ಲಿ ಇನ್ನೂ ಪಟಾಕಿ ಕಾಗದ ಬಿದ್ದಿತ್ತು. ಹತ್ತು ನಿಮಿಷ ನಡೆದು ಕಾಲು ಬೆಚ್ಚಗೆ ಮಾಡಿಕೊಂಡೆ. ಮೊಬೈಲಿನಲ್ಲಿ ಗಂಟೆ ಹೊಡೆಯಿತು, ಓಡಿದೆ. ವರ್ಷದ ಮೇಲಾಗಿತ್ತು. ಹಳೇ ಲೂನಾ ಚಾಲೂ ಮಾಡಿದ ಹಾಗೆ ಉಸಿರು. ಗಮನವೆಲ್ಲ ಎಡಗಾಲಿನ ಆ ಮೂರು ಬೆರಳಗಲದ ಮೇಲೆ. ಈಗ ಹಿಡಿಯುತ್ತೆ, ಈಗ ಹಿಡಿಯುತ್ತೆ ಅಂತ ಕಾಯುತ್ತಲೇ ನಿಮಿಷ ಮುಗಿಯಿತು. ಒಂದು ನಿಮಿಷ ಎಷ್ಟು ಉದ್ದ ಅಲ್ವಾ? ನಡಿಗೆಯ ಎರಡು ನಿಮಿಷ ಮಾತ್ರ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿದುಹೋಗುತ್ತಿತ್ತು.

ಎರಡು ಮೂರು ಸಲ ಆದ ಮೇಲೆ ಗಮನ ತಾನಾಗಿಯೇ ಕಾಲು ಬಿಟ್ಟು ಸುತ್ತಲೂ ಹೋಯಿತು. ಮೈದಾನದ ತುಂಬ ಹುಡುಗರು. ಸಪ್ತಾಪುರದ ಕೋಚಿಂಗ್ ಕ್ಲಾಸುಗಳಿಗೆ ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಕಡೆಯಿಂದ ಬಂದು ರೂಮು ಮಾಡಿಕೊಂಡಿರುವವರು. ಹಗಲು ಲೈಬ್ರರಿಯಲ್ಲಿ ಸಾಮಾನ್ಯ ಜ್ಞಾನ, ಬೆಳಗ್ಗೆ ಇಲ್ಲಿ ಓಟ. ಪೊಲೀಸ್ ಕಾನ್ಸ್‌ಟೇಬಲ್ ದೈಹಿಕ ಪರೀಕ್ಷೆಗೆ ಗಂಡುಹುಡುಗರು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ಅದಕ್ಕೇ ಒಬ್ಬ ಗಡಿಯಾರ ಹಿಡಿದು ನಿಂತು ಕೂಗುತ್ತಿದ್ದ, ಉಳಿದವರು ಗುಂಪಾಗಿ ನನ್ನ ಪಕ್ಕದಿಂದ ನುಗ್ಗಿ ಹೋಗುತ್ತಿದ್ದರು. 'ಬಾಜೂ ಬರ್ರೀ ಅಕ್ಕಾರ!' ಅಂತ ಕೂಗು. ನಾನು ಬಾಜೂ ಸರಿದೇ ಓಡುತ್ತಿದ್ದೆ. ಅವರ ಮೂರು ಸುತ್ತಿಗೆ ನನ್ನದು ಒಂದು.

ನಡಿಗೆಯ ಹೊತ್ತಲ್ಲಿ ಒಬ್ಬ ಹುಡುಗ ಜೊತೆಗೆ ಬಂದ. ಎಡ ಮೊಣಕಾಲಿನ ಕೆಳಗೆ ಕ್ರೇಪ್ ಬ್ಯಾಂಡೇಜ್ ಸುತ್ತಿಕೊಂಡು ಕುಂಟುತ್ತಿದ್ದ.

'ಅಕ್ಕಾರ, ನೀವೂ ಭರ್ತಿಗೆ ತಯಾರಿ ನಡಸೀರೇನ್ರಿ?' ಅಂದ, ನಗದೆ. ಖರೇನೇ ಕೇಳಿದನೋ, ಚೇಷ್ಟೆಯೋ, ಈಗಲೂ ಗೊತ್ತಿಲ್ಲ.

'ಇಲ್ಲಪಾ, ನನ್ನದು ಬರೇ ಕಾಲಿನ ತಯಾರಿ' ಅಂದೆ. ನಿನ್ನ ಕಾಲಿಗೇನಾಯಿತು ಅಂತ ಕೇಳಿದೆ.

ಇಂಡಿ ತಾಲ್ಲೂಕಿನವನು. ಮೊಣಕಾಲಿನ ಕೆಳಗೆ ಎಲುಬು ಒಂದೇ ಕಡೆ ನೋಯುತ್ತದಂತೆ, ಬೆರಳಿಟ್ಟು ತೋರಿಸಿದ. ನಡೆದರೂ ನೋವು, ರಾತ್ರಿ ಮಲಗಿದಾಗಲೂ ನೋವು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ ಅಂತ ಗೆಳೆಯರು ಧೈರ್ಯ ಹೇಳಿದ್ದಾರೆ. ಕಾಲಿನ ಶೂ ಸವೆದು ತಳ ಒಂದು ಕಡೆ ವಾಲಿತ್ತು. 'ನಿಂತ್ರ ಆಗೂದಿಲ್ರಿ ಅಕ್ಕಾರ. ವಯಸ್ಸು ಮೀರತೈತಿ, ಇದ ಕಡೀ ಚಾನ್ಸ್' ಅಂದ.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನನ್ನ ಕಾಲಿಗೆ ವರ್ಷ ಹಿಡಿದರೆ ನನ್ನ ಸಂಬಳ ನಿಲ್ಲುವುದಿಲ್ಲ. ಟೆಂಡನ್ನಿಗೆ ಭಾರ ಹಾಕಬೇಕು ಅನ್ನುವ ನನ್ನ ಹೊಸ ಜ್ಞಾನ ಅವನಿಗೆ ಹೇಳುವಂಥದ್ದಲ್ಲ, ಎಲುಬಿನ ವಿಷಯ ಪೂರ್ತಿ ಬೇರೆ. ಒಂದೇ ಬಿಂದುವಿನಲ್ಲಿ, ಮಲಗಿದಾಗಲೂ ನೋಯುವ ಎಲುಬು ಸಣ್ಣಗೆ ಬಿರುಕು ಬಿಟ್ಟಿರಬಹುದು. ಅಂಥ ಬಿರುಕು ಮೊದಲ ಕೆಲವು ವಾರ ಎಕ್ಸ್‌ರೇಗೆ ಕಾಣದೇ ಇರಬಹುದು, ಎಂಆರ್‌ಐಯಲ್ಲಿ ಕಾಣುತ್ತದೆ. ಅದರ ಮೇಲೆ ಓಡಿದರೆ ಪೂರ್ತಿ ಮುರಿಯುವುದೂ ಉಂಟು. ಇಷ್ಟನ್ನೇ ಹೇಳಿದೆ. ಓಟ ಬಿಡು ಅನ್ನಲಿಲ್ಲ, ಮೊದಲು ತೋರಿಸು ಅಂದೆ. ಫಿಸಿಯೋನ ನಂಬರ್ ಕೊಟ್ಟೆ, ನಾನು ಹೇಳಿದೆ ಅಂತ ಹೇಳು ಅಂದೆ. 'ರೊಕ್ಕ ಎಷ್ಟ ತಗೋತಾರ್ರಿ?' ಅಂದ. ಅಷ್ಟರಲ್ಲಿ ನನ್ನ ಮೊಬೈಲಿನ ಗಂಟೆ ಹೊಡೆಯಿತು. ಅದನ್ನು ಬಂದ್ ಮಾಡಿ ಆ ಸಲದ ಓಟ ಬಿಟ್ಟೆ, ಮಾತು ಮುಗಿಸಿಯೇ ಮುಂದೆ ಹೋದೆ. ಹುಡುಗ ನಂಬರನ್ನು ಮೊಬೈಲಿಗೆ ಹಾಕಿಕೊಂಡ. ಆದರೆ ಗೆಳೆಯ ಕೂಗಿದ ಕೂಡಲೇ ಮತ್ತೆ ಗುಂಪು ಸೇರಿ ಓಡಿದ. ಬಯ್ಯಬೇಕು ಅನ್ನಿಸಿತು. ಅವನ ಜಾಗದಲ್ಲಿದ್ದರೆ ನಾನೂ ಓಡುತ್ತಿದ್ದೆ ಅಂತಲೂ ಅನ್ನಿಸಿತು.

ಉಳಿದ ಓಟಗಳು ಹೇಗೆ ಮುಗಿದವೋ ನೆನಪಿಲ್ಲ. ಕಾಲು ನೋಯಲಿಲ್ಲ, ಅಷ್ಟೇ. ಇನ್ನೂ ಎರಡು ಸುತ್ತು ಓಡಬಹುದಿತ್ತು. ಮೈಯಲ್ಲಿ ಬಿಸಿ ಇತ್ತು, ಉಸಿರೂ ಹಾದಿಗೆ ಬಂದಿತ್ತು. ಉಸಿರು ಬೇಗ ವಾಪಸ್ ಬರುತ್ತದೆ, ಟೆಂಡನ್ ಅದರ ಹಿಂದೆ ತಿಂಗಳುಗಳಷ್ಟು ದೂರ ಇರುತ್ತದೆ ಅಂತ ಫಿಸಿಯೋ ಮೊದಲೇ ಹೆದರಿಸಿದ್ದ. ಶೂ ಬಿಚ್ಚದೇ ಸೀದಾ ಮನೆಗೆ ಬಂದೆ.

ಅಸಲಿ ಪರೀಕ್ಷೆ ಮರುದಿನ ಬೆಳಗ್ಗೆ. ಹಾಸಿಗೆಯ ಅಂಚಿನಲ್ಲಿ ಕೂತು ಸ್ವಲ್ಪ ಹೊತ್ತು ಪಾದ ಆಡಿಸಿದೆ. ಆಮೇಲೆ ಎಡಗಾಲನ್ನೇ ಮೊದಲು ಊರಿದೆ. ಬಿಗಿ ಇತ್ತು, ನೋವು ಅನ್ನುವಂಥದ್ದಲ್ಲ. ಅಡುಗೆಮನೆ ಮುಟ್ಟುವಷ್ಟರಲ್ಲಿ ಅದೂ ಹೋಯಿತು. ಅತ್ತೆಯವರು ಒಲೆಯ ಮುಂದಿನಿಂದಲೇ, 'ಎಷ್ಟವಾ ಇವತ್ತ?' ಅಂದರು. ಹತ್ತರ ಲೆಕ್ಕ ಅವರಿಗೂ ರೂಢಿಯಾಗಿತ್ತು.

'ಎರಡುರೀ.'

'ನಿನ್ನೆ ಎಷ್ಟಿತ್ತು?'

'ನಿನ್ನೇನೂ ಎರಡ ಇತ್ತುರೀ.'

'ಹಂಗಾರ ಇವತ್ತ ಓಡಬ್ಯಾಡ, ನಾಳೆ ಹೋಗು. ಜೋಳ ಏಳು ಕಿಲೋ ಮಾಡೀನಿ' ಅಂದರು. ಆ ಏಳು ಕಿಲೋ ಫಿಸಿಯೋ ಹೇಳಿದ್ದಲ್ಲ, ಅವರದೇ ತೀರ್ಮಾನ. ಅವನಿಗೆ ಫೋನ್ ಮಾಡಿ ಕೇಳಿದೆ. ನಕ್ಕು, ಆರಕ್ಕೆ ಇಳಿಸಲು ಹೇಳಿದ. ಇಂಡಿಯ ಹುಡುಗ ಇನ್ನೂ ಅವನಿಗೆ ಫೋನ್ ಮಾಡಿರಲಿಲ್ಲ.