ಸನ್‌ರೂಫ್ ಸೋರಿಕೆ, ಜೋತುಬಿದ್ದ ರೂಫ್ ಲೈನಿಂಗ್: ಇಲ್ಲಿಯವರೆಗಿನ ಕೆಲಸ

ಕಾರು 2009ರ ಸೆಡಾನ್, ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಇಂಜಿನ್ ಚೆನ್ನಾಗಿದೆ, ಕೆಳಗೆ ತುಕ್ಕು ಇಲ್ಲ, ಸೀಟುಗಳೂ ಗಟ್ಟಿಯಾಗಿವೆ. ತೊಂದರೆ ಎಲ್ಲ ಮೇಲೆ. ಮಳೆ ಬಂದರೆ ಮುಂದಿನ ಎಡ ಸೀಟಿನ ಕಾಲಬುಡದಲ್ಲಿ ನೀರು, ಒಳಗಿನ ಲೈಟಿನ ಸುತ್ತ ಕಂದು ಕಲೆ, ಹಿಂದೆ ಕೂತವರ ತಲೆಗೆ ತಾಗುವಷ್ಟು ಜೋತುಬಿದ್ದ ರೂಫ್ ಲೈನಿಂಗ್, ಅಂದರೆ ಮಾಡಿನ ಒಳಬದಿಯ ಬಟ್ಟೆ. ನಾನಿರುವುದು ಪುತ್ತೂರಿನಲ್ಲಿ. ಇಲ್ಲಿ ಜೂನ್ ಶುರುವಾದ ಮೇಲೆ ಕಾರಿನ ಒಳಗೆ ಏನು ಒದ್ದೆಯಾದರೂ ಒಣಗುವ ಮಾತೇ ಇಲ್ಲ. ಅದಕ್ಕೇ ಮೇ ತಿಂಗಳಲ್ಲೇ ಕೈ ಹಾಕಿದೆ.

ಮೇ, ಶುರು

ನೀರು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗದೆ ಒಂದು ಸ್ಕ್ರೂ ಕೂಡ ಬಿಚ್ಚಬಾರದು ಅನ್ನುವುದು ನನ್ನ ಅಭಿಪ್ರಾಯ. ಕಾಲಬುಡ ಒದ್ದೆಯಾಗಲು ಸನ್‌ರೂಫ್, ಅಂದರೆ ಮಾಡಿನಲ್ಲಿ ತೆರೆಯುವ ಗಾಜು, ಒಂದೇ ಕಾರಣ ಅಲ್ಲ. ಎಸಿಯ ನೀರು ಹೊರಗೆ ಹೋಗುವ ಪೈಪ್ ಕಟ್ಟಿಕೊಂಡರೂ ಅದೇ ಜಾಗ ನೆನೆಯುತ್ತದೆ. ಮುಂದಿನ ಗಾಜಿನ ಅಂಟು ಬಿಟ್ಟಿದ್ದರೂ, ಬಾಗಿಲಿನ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆ ಹರಿದಿದ್ದರೂ ಹಾಗೇ ಆಗುತ್ತದೆ. ಎಸಿ ಮುಟ್ಟದೆ ಕಾರನ್ನು ಹೊರಗೆ ನಿಲ್ಲಿಸಿ ನೋಡಿದೆ, ಬೇಸಿಗೆಯ ಒಂದು ಗುಡುಗು ಮಳೆಗೇ ಮ್ಯಾಟ್ ಒದ್ದೆ. ಹಾಗಾದರೆ ಎಸಿ ಅಲ್ಲ. ಮುಂದಿನ ಗಾಜಿಗೆ ಮಾತ್ರ ಪೈಪಿನಲ್ಲಿ ನೀರು ಬಿಟ್ಟೆ, ಒಳಗೆ ಒಂದು ಹನಿ ಇಲ್ಲ. ಆಮೇಲೆ ಸನ್‌ರೂಫ್ ತೆರೆದು ಮುಂದಿನ ಎಡ ಮೂಲೆಗೆ ಒಂದು ಲೋಟ ನೀರನ್ನು ನಿಧಾನವಾಗಿ ಸುರಿದೆ. ನನ್ನ ಕಾರಿನಲ್ಲಿ ಅದು ಬಾಗಿಲಿನ ಹಿಂಜ್ ಹತ್ತಿರ ಹೊರಗೆ ಬೀಳಬೇಕು. ಬೀಳಲಿಲ್ಲ. ಸ್ವಲ್ಪ ಹೊತ್ತು ತುಂಬಿಕೊಂಡು ನಿಂತು, ಆಮೇಲೆ ಪಿಲ್ಲರ್ (ಮುಂದಿನ ಗಾಜಿನ ಪಕ್ಕದ ಕಂಬ) ಕವರಿನ ಒಳಗಿಂದ ಮ್ಯಾಟ್ ಮೇಲೆ ತೊಟ್ಟಿಕ್ಕಲು ಶುರುವಾಯಿತು.

ಸನ್‌ರೂಫ್ ಕೆಲಸ ಮಾಡುವ ರೀತಿ ತುಂಬ ಜನರಿಗೆ ಗೊತ್ತಿಲ್ಲ. ಗಾಜಿನ ಸುತ್ತ ಇರುವ ರಬ್ಬರು ನೀರನ್ನು ಪೂರ್ತಿ ತಡೆಯುವುದಿಲ್ಲ, ತಡೆಯಲಿ ಅಂತ ಮಾಡಿದ್ದೂ ಅಲ್ಲ. ಅದನ್ನು ದಾಟಿ ಬರುವ ನೀರು ಸುತ್ತಲಿನ ಒಂದು ತಟ್ಟೆಗೆ ಬೀಳುತ್ತದೆ. ಹಂಚಿನ ಮನೆಯ ಮಾಡಿನ ಅಂಚಿಗೆ ದಂಬೆ ಕಟ್ಟುತ್ತಾರಲ್ಲ, ಹಾಗೆ. ಆ ತಟ್ಟೆಯ ನಾಲ್ಕು ಮೂಲೆಯಿಂದ ನಾಲ್ಕು ಸಣ್ಣ ಪೈಪು. ಮುಂದಿನ ಎರಡು ಪೈಪು ಮುಂದಿನ ಗಾಜಿನ ಪಕ್ಕದ ಪಿಲ್ಲರ್ ಒಳಗೆ ಇಳಿಯುತ್ತವೆ, ಹಿಂದಿನ ಎರಡು ಡಿಕ್ಕಿಯ ಪಕ್ಕದಲ್ಲಿ ಇಳಿದು ಬಂಪರ್ ಹಿಂದೆ ಹೊರಬರುತ್ತವೆ. ಧೂಳು, ಮಾವಿನ ಹೂ, ಎಲೆಯ ಚೂರು ಸೇರಿ ಪೈಪ್ ಕಟ್ಟಿದರೆ ತಟ್ಟೆ ತುಂಬುತ್ತದೆ, ತುಂಬಿದ ನೀರು ಒಳಗೆ ಇಳಿಯುತ್ತದೆ. ಅಂದರೆ ಬೇಕಾದ್ದು ನೀರನ್ನು ತಡೆಯುವುದಲ್ಲ, ಅದಕ್ಕೆ ಹೋಗಲು ದಾರಿ ಮಾಡಿಕೊಡುವುದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ಇದೆ. ಈ ಕಾರಿಗೆ ಹಿಂದೆ ಯಾರೋ ಗಾಜಿನ ಸುತ್ತ ಸಿಲಿಕೋನ್ ಬಳಿದಿದ್ದರು. ಗಾಜು ಪೂರ್ತಿ ತೆರೆಯುತ್ತಿರಲಿಲ್ಲ, ರಬ್ಬರಿನ ಮೇಲೆಲ್ಲ ಗಟ್ಟಿ ಗಂಟು. ಬಿಸಿಲಿಗೆ ತಗಡು ಹಿಗ್ಗಿ ಕುಗ್ಗುತ್ತಲೇ ಇರುತ್ತದೆ, ಸಿಲಿಕೋನ್ ಎಲ್ಲೋ ಒಂದು ಕಡೆ ಬಿಟ್ಟೇ ಬಿಡುತ್ತದೆ, ಆಮೇಲೆ ಎಲ್ಲಿಂದ ಸೋರುತ್ತಿದೆ ಅಂತ ಹುಡುಕುವುದೂ ಕಷ್ಟ. ಪ್ಲಾಸ್ಟಿಕ್ ಸ್ಕ್ರೇಪರಿನಲ್ಲಿ ಅದನ್ನು ಕೆರೆದು ತೆಗೆಯುವುದಕ್ಕೇ ಜಾಸ್ತಿ ಹೊತ್ತು ಹಿಡಿಯಿತು. ಬ್ಲೇಡ್ ಹಾಕಿದರೆ ರಬ್ಬರು ಕತ್ತರಿಸಿ ಹೋಗುತ್ತದೆ.

ಪೈಪ್ ಬಿಡಿಸಲು ನಾನು ಬಳಸಿದ್ದು ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರ, 2.4 ಮಿ.ಮೀ. ದಪ್ಪದ್ದು. ತೋಟ ಇರುವವರ ಮನೆಯಲ್ಲಿ ಹೇಗೂ ಇರುತ್ತದೆ. ತುದಿಯನ್ನು ಬೆಂಕಿಗೆ ಹಿಡಿದು ಉರುಟು ಮಾಡಿಕೊಂಡು, ತಿರುಗಿಸುತ್ತ ಮೆಲ್ಲಗೆ ತಳ್ಳಬೇಕು. ತಂತಿ ಹಾಕಿದರೆ ಪೈಪ್ ತೂತಾಗುತ್ತದೆ. ಕಂಪ್ರೆಸರ್ ಗಾಳಿಯೂ ಬೇಡ. ಎಷ್ಟೋ ಕಡೆ ಮೊದಲು ಮಾಡುವುದೇ ಅದನ್ನು, ಆದರೆ ಒತ್ತಡಕ್ಕೆ ಪೈಪ್ ಮೇಲಿನ ನಳಿಗೆಯಿಂದ ಕಳಚಿಕೊಂಡರೆ ನೀರು ನೇರ ಲೈನಿಂಗ್ ಮೇಲೆ ಸುರಿಯುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ನನ್ನ ಕಾರಿನಲ್ಲಿ ಮುಂದಿನ ಎರಡೂ ಪೈಪಿನ ಕೆಳತುದಿಯ ರಬ್ಬರ್ ಮೂತಿಯಲ್ಲಿ ಕೆಂಪು ಮಣ್ಣು ಗಟ್ಟಿ ಕೂತಿತ್ತು. ಆ ಮೂತಿಗೆ ಸಣ್ಣ ಸೀಳು ಮಾತ್ರ ಇರುತ್ತದೆ, ಹೊರಗಿನ ಧೂಳು, ಹುಳ ಒಳಗೆ ಬರಬಾರದು ಅಂತ. ಮೂತಿ ಬಿಚ್ಚಿ ಬೆಚ್ಚಗಿನ ಸೋಪ್ ನೀರಿನಲ್ಲಿ ತೊಳೆದೆ. ಬಲಭಾಗ ಅಲ್ಲಿಗೇ ಸರಿಹೋಯಿತು. ಎಡಭಾಗದ್ದು ಸರಿಹೋಗಲಿಲ್ಲ. ಪೈಪೇ ವಯಸ್ಸಾಗಿ ಕುಗ್ಗಿ, ಮೇಲೆ ನಳಿಗೆಯಿಂದ ಅರ್ಧ ಜಾರಿತ್ತು.

ಪೈಪ್ ಬದಲಿಸಬೇಕಾದರೆ ಲೈನಿಂಗ್ ಕೆಳಗೆ ಇಳಿಯಲೇಬೇಕು. ಬಟ್ಟೆಯೂ ಹೋಗಿತ್ತಲ್ಲ, ಎರಡೂ ಒಟ್ಟಿಗೆ ಆಗಲಿ ಅಂತ ನಿರ್ಧಾರ ಮಾಡಿದೆ.

ಮೇ, ನಡುವೆ

ಮೊದಲ ಕೆಲಸ ಬ್ಯಾಟರಿಯ ನೆಗೆಟಿವ್ ಬಿಚ್ಚುವುದು. ಈ ಕಾರಿನಲ್ಲಿ ಕರ್ಟನ್ ಏರ್‌ಬ್ಯಾಗ್ (ಪಕ್ಕದ ಕಿಟಕಿಗೆ ಪರದೆಯ ಹಾಗೆ ಇಳಿಯುವ ಏರ್‌ಬ್ಯಾಗ್) ಇದೆ, ಅದು ಲೈನಿಂಗ್ ಅಂಚಿನಲ್ಲೇ ಮಡಚಿಕೊಂಡು ಕೂತಿರುತ್ತದೆ. ಬ್ಯಾಟರಿ ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾದು ಆಮೇಲೆಯೇ ಪಿಲ್ಲರ್ ಕವರಿಗೆ ಕೈ ಹಾಕಬೇಕು. ದಯವಿಟ್ಟು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆಮೇಲೆ ಸನ್ ವೈಸರ್, ಹಿಡಿಕೆಗಳು, ಲೈಟುಗಳು, ಬಾಗಿಲಿನ ಬೀಡಿಂಗ್ ರಬ್ಬರು, ಪಿಲ್ಲರ್ ಕವರುಗಳು, ಸನ್‌ರೂಫ್ ಬಾಯಿಯ ಸುತ್ತಲಿನ ಅಂಚುಪಟ್ಟಿ. ಪ್ರತಿ ಭಾಗದ ಸ್ಕ್ರೂವನ್ನು ಅದರದೇ ಸಣ್ಣ ಕವರಿನಲ್ಲಿ ಹಾಕಿ ಹೆಸರು ಬರೆದಿಟ್ಟೆ. ಲೈನಿಂಗ್ ಬಟ್ಟೆ ಅಂಟಿಸಿರುವ ಬೋರ್ಡ್ ಹೊರಗೆ ತರುವುದು ನಿಜವಾಗಿ ಇಬ್ಬರ ಕೆಲಸ. ಮುಂದಿನ ಎರಡೂ ಸೀಟನ್ನು ಪೂರ್ತಿ ಹಿಂದಕ್ಕೆ ಮಲಗಿಸಿ, ಸ್ಟೀರಿಂಗ್ ಅಡ್ಡ ಬಾರದ ಎಡಬಾಗಿಲಿನಿಂದ ಓರೆಯಾಗಿ ಎಳೆಯಬೇಕು. ಸನ್‌ರೂಫ್ ತೂತಿನ ಎರಡು ಪಕ್ಕದಲ್ಲಿ ಬೋರ್ಡ್ ತುಂಬ ಸಪೂರ, ಬಗ್ಗಿದರೆ ಅಲ್ಲೇ ಮುರಿಯುತ್ತದೆ. ಚಿಕ್ಕಪ್ಪನ ಮಗ ಒಳಗಿಂದ ಆ ಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ನಾನು ಹೊರಗಿಂದ ಎಳೆದೆ. ಬೋರ್ಡ್ ಮುರಿಯದೆ ಬಂತು.

ತಟ್ಟೆ ಕಣ್ಣಿಗೆ ಬಿದ್ದ ಮೇಲೆ ಪೈಪ್ ಕೆಲಸ ಬೇಗ ಮುಗಿಯಿತು. ಹಳೆಯ ಪೈಪಿನ ತುದಿಗೆ ದಾರ ಕಟ್ಟಿ ಎಳೆದೆ, ಅದೇ ದಾರದಲ್ಲಿ ಹೊಸ ಸಿಲಿಕೋನ್ ಪೈಪನ್ನು ಇಳಿಸಿದೆ. ಒಳ ಅಳತೆ ಮೊದಲಿನಷ್ಟೇ ಇರಬೇಕು, ಸಣ್ಣದಾಗಬಾರದು. ಮೇಸ್ತ್ರಿಗಳು ಮಟ್ಟ ನೋಡಲು ಬಳಸುವ ಪ್ಲಾಸ್ಟಿಕ್ ಲೆವೆಲ್ ಪೈಪ್ ಹಾಕಬಹುದು ಅಂತ ಒಬ್ಬರು ಹೇಳಿದ್ದರು. ಅದು ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಬಿಸಿಗೆ ಗಟ್ಟಿಯಾಗುತ್ತದೆ, ನನಗೆ ಮನಸ್ಸು ಬರಲಿಲ್ಲ. ಗಾಜಿನ ರಬ್ಬರಿಗೆ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿದೆ. ಮಾಮೂಲಿ ಗ್ರೀಸ್ ಬೇಡ, ಅದರ ಎಣ್ಣೆಗೆ ಈ ತರದ ರಬ್ಬರು ಉಬ್ಬುತ್ತದೆ.

ನೆಲದ ಕಾರ್ಪೆಟ್ ಎತ್ತಿ ನೋಡಿದರೆ ಮೇಲೆ ಒಣಗಿದ ಹಾಗಿತ್ತು, ಅಡಿಯ ಸ್ಪಂಜು ಮಾತ್ರ ಹಿಂಡಿದರೆ ನೀರು ಸುರಿಯುತ್ತಿತ್ತು. ವಾಸನೆಯ ಮೂಲ ಅದೇ. ಸುಮ್ನೆ ಸುಗಂಧ ಸಿಂಪಡಿಸಿದರೆ ಹೋಗುವಂಥದ್ದಲ್ಲ. ಕಾಲಬುಡದ ಪಕ್ಕದ ವೈರಿಂಗ್ ಕನೆಕ್ಟರುಗಳಲ್ಲಿ ಒಂದಕ್ಕೆ ಹಸಿರು ಕಿಲುಬು ಶುರುವಾಗಿತ್ತು, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಬ್ರಷ್‌ನಲ್ಲಿ ಉಜ್ಜಿದೆ. ಕಾರ್ಪೆಟ್ಟನ್ನು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಶೀಟಿನ ಮಾಡಿನ ಕೆಳಗೆ ಹರವಿದೆ. ಮೇ ತಿಂಗಳಲ್ಲಿ ಅದು ಖಾಲಿ ಇತ್ತು, ಒಳಗೆ ಒಳ್ಳೆ ಕಾವು. ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ.

ಮೇ, ಕೊನೆಯ ಭಾಗ

ಬಟ್ಟೆ ಜೋತುಬೀಳುವುದು ಅಂಟು ಬಿಟ್ಟು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಕೆಡುವುದು ಅಂಟಲ್ಲ, ಬಟ್ಟೆಯ ಹಿಂದಿನ ತೆಳು ಫೋಮ್. ಬಿಸಿಲು ಮತ್ತು ತೇವ ಎರಡೂ ಸೇರಿ ವರ್ಷಗಳಲ್ಲಿ ಅದನ್ನು ಪುಡಿ ಮಾಡುತ್ತವೆ. ನಮ್ಮ ಕರಾವಳಿಯಲ್ಲಿ ಎರಡಕ್ಕೂ ಕೊರತೆ ಇಲ್ಲ ಅಲ್ವಾ. ಅದಕ್ಕೇ ಪಿನ್ ಚುಚ್ಚುವುದು, ಸಿರಿಂಜಿನಲ್ಲಿ ಅಂಟು ಬಿಡುವುದು ಯಾವುದೂ ನಿಲ್ಲುವುದಿಲ್ಲ. ಅಂಟು ಹಿಡಿಯುವುದು ಪುಡಿಯನ್ನು, ಬೋರ್ಡನ್ನಲ್ಲ.

ನಮ್ಮ ಪೇಟೆಯಲ್ಲಿ ಸೀಟಿನ ಕುಶನ್ ಕೆಲಸ ಮಾಡುವ ಹಿರಿಯರೊಬ್ಬರ ಹತ್ತಿರ ಕೇಳಿದೆ. "ಬಟ್ಟೆ ಹಾಕೋದು ದೊಡ್ಡ ಕೆಲಸ ಅಲ್ಲ ಮಾರಾಯ್ರೆ, ಹಳೇ ಫೋಮ್ ತೆಗೆಯೋದೇ ಕೆಲಸ. ಕೈ ಸವರಿದ್ರೆ ಬೆರಳಿಗೆ ಏನೂ ಅಂಟಬಾರ್ದು" ಅಂದರು. ಅವರು ಹೇಳಿದ್ದು ಅಕ್ಷರಶಃ ನಿಜ. ಮಾಸ್ಕ್ ಹಾಕಿಕೊಂಡು ಮೆತ್ತಗಿನ ನೈಲಾನ್ ಬ್ರಷ್‌ನಲ್ಲಿ ಉಜ್ಜಿದೆ, ಕಿತ್ತಳೆ ಬಣ್ಣದ ಪುಡಿ ಅಂಗಳದ ತುಂಬ. ತಂತಿ ಬ್ರಷ್ ಹಾಕಿದರೆ ಬೋರ್ಡಿನ ಮೇಲ್ಪದರವೇ ಕಿತ್ತು ಬರುತ್ತದೆ. ನೀರಿಗೆ ಮೆತ್ತಗಾಗಿದ್ದ ಮುಂದಿನ ಎಡ ಮೂಲೆಯನ್ನು ಪೂರ್ತಿ ಒಣಗಿಸಿ, ಹಿಂಬದಿಯಿಂದ ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಿ ಗಟ್ಟಿ ಮಾಡಿದೆ.

ಹೊಸ ಬಟ್ಟೆ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದ್ದು, ತಿಳಿ ಬೂದು, ಹಿಂದೆ ಫೋಮ್ ಇರುವುದು. ಫೋಮ್ ಇಲ್ಲದ ಬಟ್ಟೆ ಅಗ್ಗ, ಆದರೆ ಬೋರ್ಡಿನ ಒಂದೊಂದು ತಗ್ಗೂ ಎದ್ದು ಕಾಣುತ್ತದೆ. ಅಂಟಿನ ಬಗ್ಗೆ ಕಂಜೂಸಿ ಮಾಡಲೇಬಾರದು. ಬಿಸಿಲಲ್ಲಿ ನಿಂತ ಕಾರಿನ ಮಾಡು ಕೈ ಇಡಲಾಗದಷ್ಟು ಸುಡುತ್ತದೆ, ಮಾಮೂಲಿ ಸ್ಪ್ರೇ ಅಂಟು ಆ ಕಾವಿಗೆ ಕರಗಿ ಬಿಡುತ್ತದೆ. ಜಾಸ್ತಿ ಕಾವು ತಡೆಯುವ, ರೂಫ್ ಲೈನಿಂಗಿಗೆ ಅಂತಲೇ ಬರುವ ಅಂಟು ತೆಗೆದುಕೊಳ್ಳಿ. ಇನ್ನೊಂದು ವಿಷಯ, ಈ ಕೆಲಸಕ್ಕೆ ಒಣ ಹವೆ ಬೇಕು. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಗಾಳಿಯಲ್ಲಿ ತೇವ ಇದ್ದರೆ ಅದು ಅಂಟಿನ ಮೇಲೇ ಕೂತು ಹಿಡಿತ ಕೆಡಿಸುತ್ತದೆ. ಮಳೆಗಾಲ ಬರುವ ಮೊದಲೇ ಮುಗಿಸಲು ಇದೂ ಒಂದು ಕಾರಣ.

ಬಟ್ಟೆಯನ್ನು ಬೋರ್ಡ್ ಮೇಲೆ ಸುತ್ತ 5 ಸೆಂ.ಮೀ. ಹೆಚ್ಚು ಬಿಟ್ಟು ಹರವಿದೆ, ಅರ್ಧ ಮಡಚಿ ಎರಡೂ ಕಡೆ ಅಂಟು ಹೊಡೆದೆ, ಬೆರಳಿಗೆ ಜಿಗುಟು ಅನ್ನಿಸುವ ತನಕ ಬಿಟ್ಟು, ನಡುವಿನಿಂದ ಹೊರಗಡೆಗೆ ಅಂಗೈಯಲ್ಲಿ ಸವರುತ್ತ ಕೂರಿಸಿದೆ. ಲೈಟಿನ ಹತ್ತಿರದ ತಗ್ಗಿನಲ್ಲಿ ಬಟ್ಟೆಯನ್ನು ಮೊದಲು ತಗ್ಗಿನ ಆಳಕ್ಕೆ ಒತ್ತಿ ಆಮೇಲೆ ಮುಂದೆ ಹೋಗಬೇಕು. ಎಳೆದು ಬಿಗಿಮಾಡಿ ಅಂಟಿಸಿದರೆ ಮುಂದೆ ಅಲ್ಲೇ ಎದ್ದು ಬರುತ್ತದೆ. ಸನ್‌ರೂಫ್ ಬಾಯಿಯಲ್ಲಿ ನಡುವೆ ಕತ್ತರಿಸಿ, ಮೂಲೆಗಳಿಗೆ ಓರೆ ಸೀಳು ಕೊಟ್ಟು, ಹಿಂದಕ್ಕೆ ಮಡಚಿ ಅಂಟಿಸಿದೆ. ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಭಾಗ ಇದು, ನಾಲ್ಕೂ ಮೂಲೆ ನೆರಿಗೆ ಇಲ್ಲದೆ ಬಂದಿವೆ.

ಜೂನ್

ಎಲ್ಲ ಜೋಡಿಸಿದ ಮೇಲೆ ಗಾಜಿನ ಎತ್ತರ ನೋಡಿದೆ. ಮುಂದಿನ ಅಂಚು ಮಾಡಿಗೆ ಸಮ ಅಥವಾ ಕೂದಲೆಳೆಯಷ್ಟು ಕೆಳಗೆ, ಹಿಂದಿನ ಅಂಚು ಸಮ ಅಥವಾ ಅಷ್ಟೇ ಮೇಲೆ ಇದ್ದರೆ ಗಾಳಿಯ ಸದ್ದು ಬರುವುದಿಲ್ಲ. ಪಕ್ಕದ ಸ್ಕ್ರೂ ಸಡಿಲಿಸಿ ಹೊಂದಿಸಿದೆ. ಮತ್ತೆ ಲೋಟದ ನೀರಿನ ಪರೀಕ್ಷೆ. ಮುಂದಿನ ಎರಡೂ ಕಡೆ ಸುರಿದ ತಕ್ಷಣ ಕೆಳಗೆ ಧಾರೆ. ಈಗ ಮಳೆ ಹಿಡಿದಿದೆ, ಕಾರು ರಾತ್ರಿಯೆಲ್ಲ ಹೊರಗೇ ಇರುತ್ತದೆ. ಮುಂದಿನ ಮ್ಯಾಟ್ ಅಡಿಗೆ ದಿನಪತ್ರಿಕೆ ಹಾಕಿಟ್ಟು ಬೆಳಿಗ್ಗೆ ತೆಗೆದು ನೋಡುತ್ತೇನೆ, ಗರಿಗರಿ ಇದೆ. ವಾಸನೆ ಹೋಗಿದೆ.

ಹಿಂದಿನ ಬಲ ಪೈಪಿನಲ್ಲಿ ನೀರು ಇನ್ನೂ ನಿಧಾನ. ಅದರ ಮೂತಿ ಬಂಪರ್ ಹಿಂದೆ ಇದೆ, ಬಂಪರ್ ಬಿಚ್ಚಬೇಕು, ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಅದನ್ನು ಮಾಡುತ್ತೇನೆ. ಗಾಜಿನ ಕೆಳಗೆ ಜಾರುವ ಶೇಡಿನ ಬಟ್ಟೆ ಇನ್ನೂ ಹಳೆಯದೇ, ಹೊಸ ಬೂದು ಬಣ್ಣದ ಪಕ್ಕ ಅದರ ಹಳದಿ ಎದ್ದು ಕಾಣುತ್ತದೆ. ಅದಕ್ಕಾಗುವಷ್ಟು ಬಟ್ಟೆ ಉಳಿಸಿಟ್ಟಿದ್ದೇನೆ, ಆದರೆ ಅಂಟಿಸಲು ಒಣ ಹವೆ ಬೇಕು, ಹಾಗಾಗಿ ಅದು ಅಕ್ಟೋಬರ್ ನಂತರದ ಕೆಲಸ.